ಬೇಸಿಗೆಯ ಹಳ್ಳದಲ್ಲಿ ಮೀನಿಗೂ ನೀರು: ಸರದಿ, ಹನಿ, ಹೊಂಡ, ಕಟ್ಟ, ನಿಮ್ಮೂರಿಗೆ ಯಾವುದು?

ಶಿವರಾತ್ರಿ ಕಳೆಯುತ್ತಿದ್ದಂತೆ ಮಲೆನಾಡು, ಕರಾವಳಿಯ ಹಳ್ಳಗಳ ದಡದಲ್ಲಿ ಒಂದೇ ಚರ್ಚೆ. ತೋಟದ ಪಂಪುಗಳು ನೀರೆಳೆದು ಹಳ್ಳ ಬತ್ತಿ ಮಡುವಿನ ಮೀನು ಸಾಯುತ್ತಿದೆ, ಹಾಗಂತ ತೋಟ ಒಣಗಿಸುವುದಕ್ಕೂ ಆಗುವುದಿಲ್ಲ. ಎಲ್ಲರೂ ಡ್ರಿಪ್ ಹಾಕಿಸಿಕೊಳ್ಳಲಿ ಎನ್ನುವವರಿದ್ದಾರೆ. ಹಳ್ಳಕ್ಕೆ ಅಡ್ಡಲಾಗಿ ಕಟ್ಟ ಕಟ್ಟಿದರೆ ನೀರು ನಿಲ್ಲುತ್ತದೆ ಎನ್ನುವವರೂ ಇದ್ದಾರೆ. ಹೊಂಡ ತೆಗೆಸಿ, ಪಂಪಿಗೆ ಸರದಿ ಹಾಕಿ, ಹೊಳೆ ಬಿಟ್ಟು ಬಾವಿಗೆ ಹೋಗಿ ಎಂಬ ಮಾತೂ ಕೇಳಿಬರುತ್ತದೆ. ಎಲ್ಲದರಲ್ಲೂ ಸತ್ಯಾಂಶವಿದೆ, ಆದರೆ ಎಲ್ಲ ಹಳ್ಳಕ್ಕೂ ಎಲ್ಲವೂ ಹೊಂದುವುದಿಲ್ಲ. ಅಡಿಕೆ ತೋಟದ ಹಳ್ಳಕ್ಕೆ ಸರಿಯಾದದ್ದು ಕಾಫಿ ತೋಟದ ಹಳ್ಳಕ್ಕೆ ಕೆಲಸಕ್ಕೆ ಬಾರದೆ ಹೋಗಬಹುದು.

ದಾರಿಗಳನ್ನು ತೂಗುವ ಮೊದಲು ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮೀನು ಸರಾಸರಿ ನೀರಿನಲ್ಲಿ ಬದುಕುವುದಿಲ್ಲ. ಹಳ್ಳದಲ್ಲಿ ದಿನಕ್ಕೆ ಒಟ್ಟು ಎಷ್ಟು ನೀರು ಹರಿಯಿತು ಎಂಬುದು ಅದಕ್ಕೆ ಬೇಕಿಲ್ಲ. ದಿನದ ಅತಿ ಕೆಟ್ಟ ಗಂಟೆಯಲ್ಲಿ ಎಷ್ಟು ಉಳಿಯಿತು ಎಂಬುದೇ ಅದರ ಪ್ರಾಣದ ಲೆಕ್ಕ. ಇಪ್ಪತ್ತು ಗಂಟೆ ಚೆನ್ನಾಗಿ ಹರಿದು ನಾಲ್ಕು ಗಂಟೆ ಬತ್ತಿದರೂ ಕಲ್ಲುಗಳ ಸಂದಿಯಲ್ಲಿ ಬದುಕುವ ಸಣ್ಣ ಮೀನುಗಳ ಕಥೆ ಆ ನಾಲ್ಕು ಗಂಟೆಯಲ್ಲೇ ಮುಗಿಯುತ್ತದೆ. ಮುಂದಿನ ಹೋಲಿಕೆಯೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಮೊದಲು ಹಳ್ಳವನ್ನು ಅಳೆಯಿರಿ

ಅಳೆಯದೆ ಚರ್ಚೆಗೆ ಕೂತರೆ ಸಭೆ ಜಗಳದಲ್ಲಿ ಮುಗಿಯುತ್ತದೆ. ಅಳತೆಗೆ ಬೇಕಾದದ್ದು ಒಂದು ಟೇಪು, ಒಂದು ಕೋಲು, ಗಡಿಯಾರ, ಒಂದು ಒಣ ಅಡಿಕೆ. ಹಳ್ಳ ನೇರವಾಗಿ ಹರಿಯುವ 5 ಮೀಟರ್ ಜಾಗ ಆರಿಸಿ. ಅಗಲ ಅಳೆಯಿರಿ, ಐದಾರು ಕಡೆ ಆಳ ನೋಡಿ ಸರಾಸರಿ ತೆಗೆಯಿರಿ. ಅಡಿಕೆ ತೇಲಿಬಿಟ್ಟು 5 ಮೀಟರ್ ದಾಟಲು ಎಷ್ಟು ಸೆಕೆಂಡ್ ಬೇಕಾಯಿತು ಎಂದು ಮೂರು ಸಲ ನೋಡಿ. ಮೇಲ್ಮೈ ನೀರು ತಳದ ನೀರಿಗಿಂತ ಬೇಗ ಓಡುತ್ತದೆ, ಹಾಗಾಗಿ ಸಿಕ್ಕ ವೇಗವನ್ನು 0.8ರಿಂದ ಗುಣಿಸಬೇಕು. ಉದಾಹರಣೆಗೆ ಅಗಲ 2 ಮೀಟರ್, ಆಳ 12 ಸೆಂಟಿಮೀಟರ್, 5 ಮೀಟರಿಗೆ 25 ಸೆಕೆಂಡ್ ಎಂದಾದರೆ ಹರಿವು ಸೆಕೆಂಡಿಗೆ ಸುಮಾರು 38 ಲೀಟರ್.

ಈಗ ಪಂಪಿನ ಕಡೆ ಬನ್ನಿ. ಒಟ್ಟು 20 ಮೀಟರ್ ಎತ್ತರಕ್ಕೆ ನೀರೆತ್ತುವ 5 ಎಚ್‌ಪಿ ಪಂಪು ಸೆಕೆಂಡಿಗೆ 9 ಲೀಟರ್ ಆಸುಪಾಸು ಎಳೆಯುತ್ತದೆ. ಎತ್ತರ ಇಮ್ಮಡಿಯಾದರೆ ಸಿಗುವುದು ಹೆಚ್ಚುಕಡಿಮೆ ಅರ್ಧ. ಪಂಪಿನ ತಗಡಿನ ಮೇಲೆ ಬರೆದದ್ದನ್ನು ನಂಬಬೇಡಿ. ಪೈಪಿನ ಬಾಯಿಗೆ 200 ಲೀಟರಿನ ಡ್ರಮ್ಮು ಹಿಡಿದು ತುಂಬಲು ಎಷ್ಟು ಹೊತ್ತು ಬೇಕು ನೋಡಿ. 22 ಸೆಕೆಂಡಿನಲ್ಲಿ ತುಂಬಿದರೆ ಅದೇ 9 ಲೀಟರ್.

ಅಂದರೆ 38 ಲೀಟರಿನ ಹಳ್ಳವನ್ನು ಒಣಗಿಸಲು ನಾಲ್ಕು ಪಂಪು ಸಾಕು. ಆ ನಾಲ್ಕೂ ಒಟ್ಟಿಗೆ ಓಡುವುದು ಆಕಸ್ಮಿಕವೂ ಅಲ್ಲ. ನಮ್ಮಲ್ಲಿ ಕೃಷಿ ಪಂಪಿಗೆ ದಿನಕ್ಕೆ 7 ಗಂಟೆ ತ್ರೀಫೇಸ್ ಕರೆಂಟು, ಅದೂ ಪಾಳಿಯ ಲೆಕ್ಕದಲ್ಲಿ. 10 ಎಚ್‌ಪಿವರೆಗಿನ ಪಂಪಿಗೆ ಬಿಲ್ಲೂ ಇಲ್ಲ. ಕರೆಂಟು ಬಂದ ಕೂಡಲೇ ಆಟೋ ಸ್ಟಾರ್ಟರುಗಳು ಇಡೀ ಹಳ್ಳದುದ್ದಕ್ಕೂ ಒಂದೇ ನಿಮಿಷದಲ್ಲಿ ಪಂಪುಗಳನ್ನು ಎಬ್ಬಿಸುತ್ತವೆ. ಯಾರೂ ಕೆಟ್ಟವರಲ್ಲ, ಯಾರೂ ದುರಾಸೆಯವರಲ್ಲ. ಆದರೂ ಮಡು ಬರಿದಾಗುತ್ತದೆ.

ಯಾವುದರಿಂದ ತೂಗಬೇಕು

ಮೊದಲ ಪ್ರಶ್ನೆ, ಈ ದಾರಿ ಮಾರ್ಚ್-ಏಪ್ರಿಲ್‌ನ ಕೆಟ್ಟ ಗಂಟೆಯ ಹರಿವನ್ನು ಎತ್ತುತ್ತದೆಯೇ? ಎರಡನೆಯದು, ಉಳಿದ ನೀರು ನಿಜಕ್ಕೂ ಮಡುವಿನವರೆಗೆ ಹೋಗುತ್ತದೆಯೇ ಅಥವಾ ಕೆಳಗಿನ ತೋಟದ ಪಂಪು ಎಳೆದುಕೊಳ್ಳುತ್ತದೆಯೇ? ಮೂರನೆಯದು ಬೆಳೆಯ ಅಪಾಯ. ಅಡಿಕೆ ಬಹುವರ್ಷದ ಬೆಳೆ. ಮಾರ್ಚ್‌ನಿಂದ ಮೇವರೆಗೆ ನೀರು ತಪ್ಪಿದರೆ ಹಿಂಗಾರ (ಅಡಿಕೆಯ ಹೂಗೊಂಚಲು) ಒಣಗಿ ನಳ್ಳಿ (ಎಳೆಕಾಯಿ) ಉದುರುತ್ತದೆ, ಎಳೆ ಗಿಡವಾದರೆ ಸತ್ತೇ ಹೋಗಬಹುದು. ಬೆಳೆಗಾರನಿಗೆ ಈ ಭಯ ಹುಟ್ಟಿಸುವ ಯಾವ ಒಪ್ಪಂದವೂ ಎರಡನೇ ವರ್ಷ ಕಾಣುವುದಿಲ್ಲ. ನಾಲ್ಕನೆಯದು ದುಡ್ಡು ಮತ್ತು ಸಮಯ. ಐದನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ದಡದಲ್ಲಿ ನಿಂತ ಯಾರು ಬೇಕಾದರೂ ಒಪ್ಪಂದ ಪಾಲನೆಯಾಗುತ್ತಿದೆಯೇ ಎಂದು ಕಣ್ಣಳತೆಯಲ್ಲೇ ಹೇಳಬಹುದೇ? ಹೇಳಲಾಗದಿದ್ದರೆ ಅನುಮಾನ ಹುಟ್ಟುತ್ತದೆ, ಅನುಮಾನ ಹುಟ್ಟಿದ ದಿನ ಒಪ್ಪಂದ ಮುಗಿಯುತ್ತದೆ.

ಯಾವ ತುಂಡು ಉಳಿಸಬೇಕು ಎಂಬುದನ್ನೂ ಮೊದಲೇ ಗುರುತಿಸಿಕೊಳ್ಳಿ. ಇಡೀ ಹಳ್ಳ ಉಳಿಸುತ್ತೇವೆ ಎಂದು ಹೊರಟರೆ ಏನೂ ಆಗುವುದಿಲ್ಲ. ಬೇಸಿಗೆಯಲ್ಲಿ ಮೀನು ಸೇರುವ ಆಳದ ಮಡು ಯಾವುದೆಂದು ಊರಿನ ಹಿರಿಯರಿಗೆ ಗೊತ್ತಿರುತ್ತದೆ. ಅದನ್ನೂ, ಅದರ ಮೇಲಿನ ಒಂದೆರಡು ಕಿಲೋಮೀಟರನ್ನೂ ಹಿಡಿಯಿರಿ. ಶೃಂಗೇರಿಯ ತುಂಗೆ, ಶಿಶಿಲದ ಕಪಿಲೆ, ರಾಮನಾಥಪುರದ ಕಾವೇರಿಯಲ್ಲಿ ದೇವರ ಮೀನಿಗೆ ಗಾಳ ಹಾಕುವವರಿಲ್ಲ. ಆದರೆ ಆ ಮಡುಗಳಿಗೆ ಬರುವ ನೀರು ಮೇಲಿನ ತೋಟಗಳನ್ನು ದಾಟಿಯೇ ಬರಬೇಕು. ಮಡುವಿನ ರಕ್ಷಣೆ ಎಂದರೆ ಮೇಲಿನ ದಾರಿಯ ರಕ್ಷಣೆಯೂ ಹೌದು.

ಎಷ್ಟು ನೀರು ಬಿಡಬೇಕು? ಎರಡು ಮಡುಗಳ ನಡುವೆ ಹಳ್ಳ ಅತಿ ತೆಳುವಾಗಿ ಕಲ್ಲಿನ ಮೇಲೆ ಹರಿಯುವ ಜಾಗ ನೋಡಿ. ತಳದ ಕಲ್ಲಿಗೆ ಅಂಟಿಕೊಂಡು ಪಾಚಿ ಕೆರೆದು ತಿನ್ನುವ ಗಾರ್ರಾ, ಮರಳಲ್ಲಿ ಹುದುಗುವ ಲೋಚ್ ಜಾತಿಯ ಮೀನುಗಳು ಇರುವುದೇ ಇಂಥ ಜಾಗದಲ್ಲಿ, ಮೊದಲು ಒಣಗುವುದೂ ಇದೇ ಜಾಗ. ಅಲ್ಲಿ ನಾಲ್ಕು ಬೆರಳು ಮುಳುಗುವಷ್ಟು ನೀರು ಕಡಿಯದೆ ಹರಿಯುತ್ತಿದ್ದರೆ ಕೆಳಗಿನ ಮಡುವಿಗೆ ಗಾಳಿ ಬೆರೆತ ತಂಪು ನೀರು ಸೇರುತ್ತಿರುತ್ತದೆ. ಅಷ್ಟು ನೀರಿರುವಾಗ ಹರಿವು ಅಳೆದು ಬರೆದಿಟ್ಟುಕೊಳ್ಳಿ, ಅದೇ ನಿಮ್ಮ ಹಳ್ಳದ ಗುರಿ. ಮುಂದಿನ ಲೆಕ್ಕಕ್ಕೆ ಅದು 15 ಲೀಟರ್ ಎಂದಿಟ್ಟುಕೊಳ್ಳೋಣ.

ಸರದಿ: ದುಡ್ಡಿಲ್ಲದ ದಾರಿ, ಮಾತು ಬೇಕಾದ ದಾರಿ

ಹಳ್ಳದಲ್ಲಿ 38 ಲೀಟರ್ ಇದೆ, 15 ಬಿಡಬೇಕು, ಎತ್ತಲು ಸಿಗುವುದು 23. ಒಂದು ಹೊತ್ತಿಗೆ ಎರಡೇ ಪಂಪು ಓಡಬೇಕು. ಹನ್ನೆರಡು ಪಂಪುಗಳಿದ್ದರೆ ಆರು ಜೋಡಿ. 7 ಗಂಟೆಯ ಕರೆಂಟನ್ನು ಹಂಚಿದರೆ ಜೋಡಿಗೆ ದಿನಕ್ಕೆ 70 ನಿಮಿಷ, ಅಂದರೆ ಪಂಪಿಗೆ 37,800 ಲೀಟರ್. ಖರ್ಚು ಎಂದರೆ ಸ್ಟಾರ್ಟರಿಗೆ ಒಂದು ಟೈಮರ್ ಜೋಡಿಸುವುದು ಮಾತ್ರ. ಈ ವಾರ ಒಪ್ಪಿದರೆ ಮುಂದಿನ ವಾರವೇ ಹಳ್ಳದಲ್ಲಿ ಫಲ ಕಾಣುತ್ತದೆ. ಬೇರಾವ ದಾರಿಗೂ ಈ ಗುಣವಿಲ್ಲ.

ಆದರೆ 37,800 ಲೀಟರ್ ಎಷ್ಟು ಎಕರೆಗೆ ಸಾಕು? ಇಲ್ಲಿ ಸರದಿಯ ಮಿತಿ ಕಾಣುತ್ತದೆ. ಎಕರೆಗೆ ಸುಮಾರು 550 ಅಡಿಕೆ ಮರ. ಕಡುಬೇಸಿಗೆಯಲ್ಲಿ ಜೆಟ್ಟಿನಲ್ಲೋ (ನೀರು ಚಿಮ್ಮಿಸುವ ಸ್ಪ್ರಿಂಕ್ಲರ್) ಹೋಸಿನಲ್ಲೋ ನಾಲ್ಕು ದಿನಕ್ಕೊಮ್ಮೆ ಮರಕ್ಕೆ 175 ಲೀಟರ್ ಕೊಟ್ಟರೆ ಎಕರೆಗೆ ದಿನದ ಲೆಕ್ಕ 24,000 ಲೀಟರ್. ಅಂದರೆ ಒಬ್ಬೊಬ್ಬರಿಗೆ ಒಂದೂವರೆ ಎಕರೆ, ಹನ್ನೆರಡು ಜನರಿಗೆ 19 ಎಕರೆ ಮಾತ್ರ. ತೋಟ ಇದಕ್ಕಿಂತ ದೊಡ್ಡದಿದ್ದರೆ ಸರದಿಯೊಂದೇ ಸಾಲದು. ಒತ್ತಾಯ ಮಾಡಿದರೆ ರಾತ್ರಿ ಕದ್ದು ಪಂಪು ಓಡುತ್ತದೆ.

ಸರದಿ ಮುರಿದು ಬೀಳುವುದು ಸಾಮಾನ್ಯವಾಗಿ ಮೂರು ಕಡೆ. ಕರೆಂಟಿನ ಪಾಳಿ ಹಗಲಿನಿಂದ ರಾತ್ರಿಗೆ ಬದಲಾದಾಗ ಗಡಿಯಾರದ ಹೊತ್ತಿಗೆ ಕಟ್ಟಿದ ಸರದಿ ತಲೆಕೆಳಗಾಗುತ್ತದೆ. ಅದಕ್ಕೇ ಸರದಿಯನ್ನು "ಬೆಳಿಗ್ಗೆ 9ರಿಂದ" ಎಂದು ಬರೆಯಬೇಡಿ, "ಕರೆಂಟು ಬಂದ ಮೇಲೆ 70ನೇ ನಿಮಿಷದಿಂದ" ಎಂದು ಬರೆಯಿರಿ. ಕರೆಂಟು ಬಂದಾಗಿನಿಂದ ನಿಮಿಷ ಎಣಿಸುವ ಟೈಮರೇ ಬೇಕು. ನಡುವೆ ಕರೆಂಟು ಹೋಗಿಬಂದರೆ ಕೆಲವು ಟೈಮರುಗಳು ಎಣಿಕೆಯನ್ನು ಮೊದಲಿನಿಂದ ಶುರು ಮಾಡುತ್ತವೆ, ಆಗ ಮೊದಲ ಜೋಡಿಗೆ ಎರಡು ಸರದಿ, ಕೊನೆಯ ಜೋಡಿಗೆ ಸೊನ್ನೆ. ಅದಕ್ಕೆ ಜೋಡಿಗಳ ಕ್ರಮವನ್ನು ವಾರಕ್ಕೊಮ್ಮೆ ತಿರುಗಿಸಬೇಕು. ಇನ್ನೊಂದು, ಏಪ್ರಿಲ್ ಮಧ್ಯಕ್ಕೆ ಹಳ್ಳ 25 ಲೀಟರಿಗೆ ಇಳಿದಾಗ ಏನು ಮಾಡುವುದೆಂದು ಮೊದಲೇ ಬರೆಯದಿರುವುದು. 25ರಲ್ಲಿ ಒಂದೇ ಪಂಪು ಓಡಬಹುದು. ಆ ದಿನ ಸಭೆ ಕರೆದು ತೀರ್ಮಾನಿಸುತ್ತೇವೆ ಎಂದರೆ ಮೀನು ಕಾಯುವುದಿಲ್ಲ.

ಇದಕ್ಕೊಂದು ಸುಲಭದ ಉಪಾಯವಿದೆ. ಎಲ್ಲರ ಕಣ್ಣಿಗೆ ಬೀಳುವ ಬಂಡೆಯ ಮೇಲೋ ಸೇತುವೆಯ ಕಂಬದ ಮೇಲೋ ಮೂರು ಗೆರೆ ಬಣ್ಣದಲ್ಲಿ ಎಳೆಯಿರಿ. ಪಂಪುಗಳೆಲ್ಲ ನಿಂತಿರುವಾಗ, ಕರೆಂಟು ಬರುವ ಅರ್ಧ ಗಂಟೆ ಮೊದಲು, ನೀರು ಯಾವ ಗೆರೆಯಲ್ಲಿದೆ ಎಂದು ನೋಡಬೇಕು. ಹಸಿರಿನ ಮೇಲಿದ್ದರೆ ಎರಡು ಪಂಪು, ಹಳದಿಗೆ ಇಳಿದರೆ ಒಂದು, ಕೆಂಪಿಗೆ ಇಳಿದರೆ ಹಳ್ಳದ ಪಂಪು ಪೂರ್ತಿ ಬಂದ್. ಗೆರೆ ಎಳೆಯುವ ದಿನ ಹರಿವನ್ನೂ ಅಳೆದು ಪಕ್ಕದಲ್ಲೇ ಬರೆಯಿರಿ. ಮಳೆಗಾಲದಲ್ಲಿ ಮರಳು ಸರಿದು ತಳ ಬದಲಾಗುತ್ತದೆ, ಆದ್ದರಿಂದ ಪ್ರತಿ ಡಿಸೆಂಬರಿನಲ್ಲಿ ಗೆರೆಗಳನ್ನು ಹೊಸದಾಗಿ ಎಳೆಯಲೇಬೇಕು. ಹಳೆಯ ಗೆರೆ ನಂಬಿಕೊಂಡರೆ ಮೋಸ ಹೋಗುತ್ತೀರಿ.

ಹನಿ ನೀರಾವರಿ: ಉಳಿತಾಯ ನಿಜ, ಆದರೆ ಯಾರಿಗೆ?

ಹನಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಎಕರೆಗೆ 11,000 ಲೀಟರ್. ಜೆಟ್ಟಿನ 24,000ಕ್ಕೆ ಹೋಲಿಸಿದರೆ ಎಕರೆಗೆ ದಿನಕ್ಕೆ 13,000 ಲೀಟರ್ ಉಳಿತಾಯ. ಸೆಕೆಂಡಿಗೆ 1 ಲೀಟರ್ ಹರಿವು ಎಂದರೆ ದಿನಕ್ಕೆ 86,400 ಲೀಟರ್. ಅಂದರೆ ಸುಮಾರು 7 ಎಕರೆ ಹನಿಗೆ ಬದಲಾದರೆ ಹಳ್ಳಕ್ಕೆ 1 ಲೀಟರ್ ಹರಿವು ಮರಳುತ್ತದೆ. 40 ಎಕರೆ ಬದಲಾದರೂ ಆರು ಲೀಟರ್ ಮಾತ್ರ. ಹನಿಯೊಂದರಿಂದಲೇ ಹಳ್ಳ ತುಂಬುತ್ತದೆ ಎಂದು ಆಸೆ ಹುಟ್ಟಿಸುವವರು ಈ ಲೆಕ್ಕ ಹಾಕಿರುವುದಿಲ್ಲ. ಹನಿ ಹಾಕಿದವರೆಲ್ಲ ಕರೆಂಟು ಬಂದಾಗ ಒಟ್ಟಿಗೆ ಪಂಪು ಓಡಿಸಿದರೆ ಕೆಟ್ಟ ಗಂಟೆ ಕೆಟ್ಟದ್ದಾಗಿಯೇ ಉಳಿಯುತ್ತದೆ, ಸ್ವಲ್ಪ ಬೇಗ ಮುಗಿಯುತ್ತದೆ ಅಷ್ಟೆ.

ಹನಿಯ ನಿಜವಾದ ಶಕ್ತಿ ಸರದಿಯ ಜೊತೆ ಸೇರಿದಾಗ ಹೊರಬರುತ್ತದೆ. ಅದೇ 37,800 ಲೀಟರ್ ಈಗ ಸುಮಾರು ಮೂರೂವರೆ ಎಕರೆಗೆ ಸಾಕು. ಹನ್ನೆರಡು ಪಂಪಿಗೆ 41 ಎಕರೆ. ಸರದಿಯೊಂದೇ ಇದ್ದಾಗ 19 ಇದ್ದದ್ದು ಇಮ್ಮಡಿಯಾಯಿತು, ಹಳ್ಳದಲ್ಲಿ ಬಿಟ್ಟ ನೀರು ಅಷ್ಟೇ ಇದೆ.

ಒಂದು ಸೂಕ್ಷ್ಮ ಇಲ್ಲಿದೆ. ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರ್ ಹಾಕಿದ್ದರೆ 70 ನಿಮಿಷದಲ್ಲಿ ಮರಕ್ಕೆ ಸಿಗುವುದು 9 ಲೀಟರ್ ಮಾತ್ರ. ಬೆಳೆಗಾರ ಸರದಿ ಮೀರಿ ಓಡಿಸುವುದಕ್ಕೆ ಇದೇ ಕಾರಣವಾಗುತ್ತದೆ. ಗಂಟೆಗೆ 8 ಲೀಟರಿನ ಎರಡು ಡ್ರಿಪ್ಪರ್ ಹಾಕಿದರೆ 70 ನಿಮಿಷದಲ್ಲಿ 18 ಲೀಟರಿಗೂ ಮೇಲೆ ಸಿಗುತ್ತದೆ. ಎಕರೆಗೆ ಸೆಕೆಂಡಿಗೆ ಎರಡೂವರೆ ಲೀಟರ್ ಬೇಕಾಗುತ್ತದೆ, 9 ಲೀಟರಿನ ಪಂಪು ಮೂರೂವರೆ ಎಕರೆಯನ್ನು ಒಟ್ಟಿಗೆ ನಿಭಾಯಿಸುತ್ತದೆ. ಹಾಗಾಗಿ ಮುಖ್ಯ ಪೈಪಿನ ಗಾತ್ರವೂ ಅದಕ್ಕೆ ತಕ್ಕಂತೆ ಇರಬೇಕು. ಗುತ್ತಿಗೆದಾರರಿಗೆ ಎಕರೆ ಹೇಳಿದರೆ ಸಾಲದು, ನಿಮಗೆ ಸಿಗುವ ನಿಮಿಷವನ್ನೂ ಹೇಳಬೇಕು.

ಹಾಳಾಗುವುದು ಎಲ್ಲಿ? ಹಳ್ಳದ ನೀರಿನಲ್ಲಿ ಪಾಚಿ, ಸಣ್ಣ ಮಣ್ಣು, ಕೆಲವು ಕಡೆ ಕಬ್ಬಿಣದ ಕಿಲುಬು. ಮರಳಿನ ಫಿಲ್ಟರೂ ಅದರ ನಂತರ ಡಿಸ್ಕ್ ಫಿಲ್ಟರೂ ಇಲ್ಲದಿದ್ದರೆ ಎರಡನೇ ಬೇಸಿಗೆಗೆ ಡ್ರಿಪ್ಪರುಗಳು ಕಟ್ಟುತ್ತವೆ. ಅಳಿಲು, ಇಲಿ ಮರಗಳ ಸಾಲಿನುದ್ದಕ್ಕೆ ಎಳೆದ ಸಣ್ಣ ಲ್ಯಾಟರಲ್ ಪೈಪು ಕಡಿಯುತ್ತವೆ, ಕಾಡುಹಂದಿ ಅಗೆದು ಎಳೆಯುತ್ತದೆ. ಪೈಪಿನ ಮೇಲೆ ದರಕು (ಒಣ ಎಲೆ) ಹೊದಿಸಿದರೆ ಬಿಸಿಲಿನಿಂದ ಕಾಪಾಡಿದಂತೆ, ನೆಲದ ತೇವವೂ ನಿಲ್ಲುತ್ತದೆ. ಆದರೆ ಎಲ್ಲಿ ಸೋರುತ್ತಿದೆ ಎಂಬುದು ಕಾಣುವುದಿಲ್ಲ, ಹಾಗಾಗಿ ವಾರಕ್ಕೊಮ್ಮೆ ಸಾಲು ನಡೆದು ನೋಡಬೇಕು. ಸಬ್ಸಿಡಿ ತೋಟಗಾರಿಕೆ ಇಲಾಖೆಯಿಂದ ಸಿಗುತ್ತದೆ. ಪ್ರಮಾಣ ವರ್ಷ ವರ್ಷ ಬದಲಾಗುವುದರಿಂದ ಅರ್ಜಿ ಹಾಕುವ ಮೊದಲು ವಿಚಾರಿಸಿ. ಕೆಲಸ ಮುಗಿಯಲು ಒಂದು ಬೇಸಿಗೆ ಕಳೆಯುತ್ತದೆ ಎಂದೇ ಎಣಿಸಿ.

ದೊಡ್ಡ ಅಪಾಯ ಮಾತ್ರ ಬೇರೆಯೇ ಇದೆ. ಉಳಿದ ನೀರಿನಲ್ಲಿ ಮೇಲಿನ ಗುಡ್ಡಕ್ಕೆ ಹೊಸದಾಗಿ ಅಡಿಕೆ ನೆಡುವುದು. ಇದು ಎಲ್ಲ ಕಡೆ ನಡೆಯುತ್ತದೆ, ಬೆಳೆಗಾರನ ದೃಷ್ಟಿಯಲ್ಲಿ ತಪ್ಪೂ ಅಲ್ಲ. ಅಮೆರಿಕದ ಒರೆಗಾನ್ ರಾಜ್ಯ 1987ರಲ್ಲೇ ಇದಕ್ಕೊಂದು ನಿಯಮ ತಂದಿತು. ನೀರು ಉಳಿಸುವ ಕಾಮಗಾರಿ ಮಾಡಿದ ರೈತ ಉಳಿದ ನೀರನ್ನು ಬೇರೆ ಜಮೀನಿಗೆ ಬಳಸಬಹುದು, ಆದರೆ ಕನಿಷ್ಠ ಕಾಲು ಭಾಗ ಹೊಳೆಗೆ ಬಿಡಬೇಕು. ಸಾರ್ವಜನಿಕ ದುಡ್ಡು ಹೆಚ್ಚಾದಷ್ಟೂ ಹೊಳೆಯ ಪಾಲು ಹೆಚ್ಚು. ನಮ್ಮಲ್ಲಿ ಅಂಥ ಕಾನೂನಿಲ್ಲ, ಆದರೆ ಊರಿನ ಒಪ್ಪಂದದಲ್ಲಿ ಪಾಲು ಬರೆದುಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಸಬ್ಸಿಡಿಯಲ್ಲಿ ಹನಿ ಹಾಕಿಸಿಕೊಂಡವರು ಉಳಿತಾಯದ ಅರ್ಧವನ್ನಾದರೂ ಹಳ್ಳಕ್ಕೆ ಬಿಡಬೇಕು ಎಂಬುದು ನ್ಯಾಯದ ಮಾತು.

ಹೊಂಡ: ಕಾಫಿಯವರ ಮೊದಲ ಆಯ್ಕೆ

ರೊಬಸ್ಟಾ ಕಾಫಿಯ ಲೆಕ್ಕವೇ ಬೇರೆ. ಅಲ್ಲಿ ದಿನವೂ ನೀರು ಬೇಡ. ಫೆಬ್ರುವರಿ-ಮಾರ್ಚ್‌ನಲ್ಲಿ ಹೂವಿಗೆ ಒಂದು ಸಲ ಒಂದೂವರೆ ಇಂಚು, ಹದಿನೈದಿಪ್ಪತ್ತು ದಿನ ಬಿಟ್ಟು ಇನ್ನೊಂದು ಸಲ ಒಂದು ಇಂಚು. ಒಂದು ಎಕರೆಗೆ ಒಂದು ಇಂಚು ಎಂದರೆ ಒಂದು ಲಕ್ಷ ಲೀಟರಿಗೆ ಸ್ವಲ್ಪ ಮೇಲೆ. ಹತ್ತು ಎಕರೆಗೆ ಎರಡೂ ಸೇರಿ ಸುಮಾರು 26 ಲಕ್ಷ ಲೀಟರ್. ಹತ್ತಾರು ತೋಟದವರು ಒಂದೇ ವಾರದಲ್ಲಿ ಡೀಸೆಲ್ ಪಂಪು ಇಳಿಸುತ್ತಾರೆ, ಏಕೆಂದರೆ ಹೂವಿನ ಕಾಲ ತಪ್ಪಿದರೆ ವರ್ಷದ ಫಸಲು ತಪ್ಪುತ್ತದೆ. ಇಲ್ಲಿ ಸರದಿ ಹಾಕಿದರೆ ಕೊನೆಯವನಿಗೆ ಹೊತ್ತು ಮೀರಿರುತ್ತದೆ. ಸಕಲೇಶಪುರ, ಕೊಡಗಿನ ಕಾಫಿ ಹಳ್ಳಗಳಿಗೆ ಮಳೆಗಾಲದ ನೀರನ್ನು ಹಿಡಿದಿಡುವುದೊಂದೇ ಗಟ್ಟಿಯಾದ ಉತ್ತರ.

ಹತ್ತು ಎಕರೆಗೆ ಎಷ್ಟು ದೊಡ್ಡ ಹೊಂಡ? ಮೇಲೆ 36 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ, ಬದಿಗಳು ಒಂದಕ್ಕೆ ಒಂದೂವರೆ ಇಳಿಜಾರು, ತಳ 27 ಮೀಟರ್ ಚೌಕ. ಹಿಡಿಯುವುದು ಸುಮಾರು 30 ಲಕ್ಷ ಲೀಟರ್. ಬೇಸಿಗೆಯ ಆವಿಗೆ ನಾಲ್ಕೈದು ಲಕ್ಷ ಬಿಟ್ಟರೆ ಬೇಕಾದಷ್ಟು ಉಳಿಯುತ್ತದೆ. ಕಾಲು ಎಕರೆಗಿಂತ ಹೆಚ್ಚು ಜಾಗ ಹೋಗುತ್ತದೆ. ತೆಗೆಯುವ ಮಣ್ಣು 3,000 ಘನ ಮೀಟರ್, ಅದನ್ನೆಲ್ಲಿ ಹಾಕುವುದೆಂದು ಮೊದಲೇ ಯೋಚಿಸಿ. ಹಳ್ಳದ ಅಂಚಿಗೆ ಸುರಿದರೆ ಮೊದಲ ಮಳೆಗೆ ಹರಿದು ಮಡುವನ್ನೇ ಹೂಳುತ್ತದೆ. ಜಂಬಿಟ್ಟಿಗೆ ನೆಲ ಸೋರುತ್ತದೆ, ಅಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸದೆ ಗತಿಯಿಲ್ಲ. ಈ ಅಳತೆಗೆ ಸುಮಾರು 1,600 ಚದರ ಮೀಟರ್ ಹಾಳೆ ಬೇಕು. ಸುತ್ತ ಬೇಲಿ, ಒಳಗೆ ಗಂಟು ಹಾಕಿದ ಹಗ್ಗವನ್ನು ಎರಡು ಮೂರು ಕಡೆ ಇಳಿಬಿಡುವುದು ಕಡ್ಡಾಯ. ಹಾಳೆಯ ಹೊಂಡಕ್ಕೆ ಬಿದ್ದವರು, ಈಜು ಬರುವವರೂ ಸಹ, ಜಾರಿ ಜಾರಿ ಮೇಲೆ ಬರಲಾಗದೆ ಮುಳುಗುತ್ತಾರೆ.

ಹೊಂಡ ತೆಗೆಯುವ ಜಾಗ ತಪ್ಪಿದರೆ ಹಳ್ಳಕ್ಕೆ ಲಾಭದ ಬದಲು ನಷ್ಟ. ಒರತೆ ಇರುವ ಜೌಗು ಜಾಗದಲ್ಲೋ ಹಳ್ಳದ ಪಾತ್ರದಲ್ಲೋ ತೆಗೆದರೆ ಅದು ಸುಲಭವಾಗಿ ತುಂಬುತ್ತದೆ, ಬೇಸಿಗೆಯಲ್ಲೂ ತುಂಬುತ್ತಲೇ ಇರುತ್ತದೆ. ನೋಡಿದವರಿಗೆ ಖುಷಿಯೇ. ಆದರೆ ಅದು ತುಂಬುತ್ತಿರುವುದು ಹಳ್ಳಕ್ಕೆ ಸೇರಬೇಕಿದ್ದ ಒರತೆಯಿಂದ. ಹೊಂಡ ದಿಬ್ಬದ ಮೇಲಿರಲಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಗುಡ್ಡದ ಹರಿನೀರು, ಸೂರಿನ ನೀರು, ಹಳ್ಳದ ತುಂಬುನೀರಿನಿಂದ ತುಂಬಿಸಿ. ಡಿಸೆಂಬರ್ 1ರ ನಂತರ ಹಳ್ಳದಿಂದ ಹೊಂಡಕ್ಕೆ ಹೋಗುವ ವಾಲ್ವಿಗೆ ಬೀಗ, ಕೀಲಿ ಊರಿನ ಒಪ್ಪಂದ ನೋಡಿಕೊಳ್ಳುವ ಸಮಿತಿಯ ಹತ್ತಿರ. ಫೆಬ್ರುವರಿಯಲ್ಲಿ "ಸ್ವಲ್ಪ ತುಂಬಿಸಿಕೊಳ್ಳುತ್ತೇನೆ" ಎಂಬಲ್ಲೇ ಇಡೀ ಯೋಜನೆ ಕುಸಿಯುತ್ತದೆ.

ಹೊಂಡದಲ್ಲಿ ತಿಲಾಪಿಯಾ, ಆಫ್ರಿಕನ್ ಕ್ಯಾಟ್‌ಫಿಶ್ ಬಿಡಬೇಡಿ. ಮಳೆಗಾಲದಲ್ಲಿ ಹೊಂಡ ಉಕ್ಕಿದರೆ ಅವು ಹಳ್ಳ ಸೇರುತ್ತವೆ, ನಾವು ನೀರು ಉಳಿಸುತ್ತಿರುವುದು ಯಾವ ಮೀನಿಗೋ ಅದನ್ನೇ ತಿನ್ನುತ್ತವೆ.

ಕಟ್ಟ ಮತ್ತು ಕಿಂಡಿ ಅಣೆಕಟ್ಟು

ಕರಾವಳಿಯ ಊರುಗಳಲ್ಲಿ ಕಲ್ಲು ಮಣ್ಣಿನ ಕಟ್ಟ ಕಟ್ಟುವುದು ತಲೆಮಾರಿನ ವಿದ್ಯೆ. ಬಾವಿಗಳ ನೀರು ಏರುತ್ತದೆ, ಕಟ್ಟದ ಹಿಂದೆ ಆಳದ ನೀರು ನಿಂತು ಕೆಲವು ಜಾತಿಯ ಮೀನಿಗೆ ಆಸರೆಯೂ ಆಗುತ್ತದೆ. ಆದರೆ ಕಟ್ಟದ ಕೆಳಗೆ? ಸೋರಿಕೆಯನ್ನೂ ಬಿಗಿಯಾಗಿ ಮುಚ್ಚಿದ ಕಟ್ಟದ ಕೆಳಗೆ ಹಳ್ಳ ಒಣ ಕಲ್ಲು. ಒಂದರ ಹಿಂದೊಂದು ಹತ್ತು ಕಟ್ಟ ಇದ್ದರೆ ಮೇಲಿನದು ತುಂಬುವವರೆಗೆ ಕೆಳಗಿನದಕ್ಕೆ ಹನಿಯೂ ಇಲ್ಲ. ಹರಿಯುವ ನೀರೇ ಬೇಕಾದ ಕಲ್ಲುಮೀನುಗಳಿಗೆ ನಿಂತ ನೀರು ಮನೆಯಲ್ಲ.

ಸರಿಪಡಿಸುವುದು ಕಷ್ಟವೇನಲ್ಲ. ಕಟ್ಟ ಕಟ್ಟುವಾಗಲೇ ನೀರಿನ ಮಟ್ಟದಿಂದ ಅರ್ಧ ಮೀಟರ್ ಕೆಳಗೆ ಒಂದು ಪೈಪು ಹಾಯಿಸಿ. 3 ಇಂಚಿನ ಪೈಪು ಸೆಕೆಂಡಿಗೆ ಸುಮಾರು 8 ಲೀಟರ್ ಬಿಡುತ್ತದೆ, 4 ಇಂಚಿನದು ಸುಮಾರು 15. ನಮ್ಮ ಲೆಕ್ಕದ ಹಳ್ಳಕ್ಕೆ 4 ಇಂಚು ಸರಿ. ಬಾಯಿಗೆ ಬಿದಿರಿನ ಬುಟ್ಟಿಯನ್ನೋ ಜಾಲರಿಯನ್ನೋ ಕಟ್ಟಿ, ಎಲೆ ಕಟ್ಟಿಕೊಳ್ಳದಂತೆ ಎರಡು ದಿನಕ್ಕೊಮ್ಮೆ ಬಿಡಿಸಿ. ದಡದಲ್ಲಿ ನಿಂತವನಿಗೂ ಪೈಪಿನಿಂದ ನೀರು ಬೀಳುವುದು ಕಾಣುತ್ತದೆ, ಅದೇ ಇದರ ದೊಡ್ಡ ಗುಣ. ಕಟ್ಟದ ಹಿಂದಿನ ನೀರಿಗೆ ಪಂಪು ಇಳಿಸುವವರೂ ಸರದಿಗೆ ಬರಲೇಬೇಕು, ಇಲ್ಲವಾದರೆ ಮಟ್ಟ ಇಳಿದು ಪೈಪು ಒಣಗುತ್ತದೆ.

ಹೊಳೆ ಬಿಟ್ಟು ಬಾವಿ

ಹಳ್ಳದ ದಂಡೆಯಿಂದ ಇಪ್ಪತ್ತು ಮೀಟರಿನಲ್ಲಿ ಬಾವಿ ತೆಗೆದು "ನಾನು ಹಳ್ಳದ ನೀರು ಮುಟ್ಟುವುದಿಲ್ಲ" ಎನ್ನುವವರಿದ್ದಾರೆ. ಮರಳು, ಮಣ್ಣಿನ ದಡದಲ್ಲಿ ಅದು ಹಳ್ಳದ್ದೇ ನೀರು, ಸ್ವಲ್ಪ ತಡವಾಗಿ ಬರುತ್ತದೆ ಅಷ್ಟೆ. ದಿನದ ಏರಿಳಿತ ಮೆತ್ತಗಾಗುತ್ತದೆ, ಮರಿಮೀನು ಪೈಪಿಗೆ ಸಿಕ್ಕುವುದಿಲ್ಲ ಎಂಬ ಎರಡು ಲಾಭ ಬಿಟ್ಟರೆ ಉಳಿತಾಯವೆಂದು ಎಣಿಸಬೇಡಿ.

ನೀರೆತ್ತದಿರಲು ದುಡ್ಡು

ಒರೆಗಾನ್‌ನ ಇನ್ನೊಂದು ದಾರಿಯ ಬಗ್ಗೆ ಕೇಳುವವರಿದ್ದಾರೆ. 1993ರಲ್ಲಿ ಅಲ್ಲಿ ಹುಟ್ಟಿದ ಒರೆಗಾನ್ ವಾಟರ್ ಟ್ರಸ್ಟ್, ಸಾಲ್ಮನ್, ಸ್ಟೀಲ್‌ಹೆಡ್ ಮೀನಿಗಾಗಿ ರೈತರ ನೀರಿನ ಹಕ್ಕನ್ನು ಗುತ್ತಿಗೆಗೆ, ಕ್ರಯಕ್ಕೆ ಪಡೆದು ಹೊಳೆಯಲ್ಲೇ ಬಿಡುವ ಪದ್ಧತಿ ಶುರು ಮಾಡಿತು. ಅಲ್ಲಿ ಅದು ನಡೆದದ್ದಕ್ಕೆ ಕಾರಣಗಳಿವೆ. ನೀರಿನ ಹಕ್ಕು ಪ್ರತಿ ಜಮೀನಿಗೆ ದಾಖಲಾಗಿದೆ. ಐದು ವರ್ಷ ಬಳಸದಿದ್ದರೆ ಹಕ್ಕು ಹೋಗುವ ಭಯವಿದೆ, ಹೊಳೆಗೆ ಗುತ್ತಿಗೆ ಕೊಟ್ಟರೆ ಆ ಭಯವಿಲ್ಲ. ಬೆಳೆ ಬಹುಪಾಲು ದನದ ಮೇವು, ಒಂದು ಕೊಯ್ಲು ಬಿಟ್ಟರೆ ನಷ್ಟ ಆ ಕೊಯ್ಲಿನದ್ದು ಮಾತ್ರ. ನಮ್ಮಲ್ಲಿ ಈ ಮೂರೂ ಇಲ್ಲ. ಅಡಿಕೆ ತೋಟದವನಿಗೆ ಒಂದು ಬೇಸಿಗೆ ನೀರು ಬಿಡು ಎಂದು ಎಷ್ಟು ಕೊಟ್ಟರೂ ಸಾಲದು, ಕೇಳುವುದೂ ತಪ್ಪು.

ಆದರೆ ಒಂದು ಕಡೆ ಇದು ಹೊಂದುತ್ತದೆ: ಬೇಸಿಗೆ ಭತ್ತ, ಬೇಸಿಗೆ ತರಕಾರಿ. ಹಳ್ಳದ ಪಕ್ಕ ಎರಡನೇ ಬೆಳೆ ಭತ್ತ ಹಾಕುವವರಿಗೆ ಆ ಬೆಳೆಯ ನಿವ್ವಳ ಆದಾಯವನ್ನು ಜನವರಿಯಲ್ಲೇ ಕೊಟ್ಟು, ಬದಲಿಗೆ ಕಡಿಮೆ ನೀರಿನ ಉದ್ದು, ಹೆಸರು ಹಾಕಿಸಬಹುದು. ದೇವಸ್ಥಾನದ ನಿಧಿಯಿಂದಲೋ ಊರವರ ವಂತಿಗೆಯಿಂದಲೋ ಎರಡು ಮೂರು ಗದ್ದೆಯವರಿಗೆ ಕೊಡುವುದು ಆಗದ ಕೆಲಸವಲ್ಲ.

ನಿಮ್ಮ ಹಳ್ಳಕ್ಕೆ ಯಾವುದು

ದುಡ್ಡಿಲ್ಲ, ತೋಟಗಳು ಸಣ್ಣವು, ಜನ ಮಾತಿಗೆ ಸಿಗುತ್ತಾರೆ ಎಂದಾದರೆ ಸರದಿ, ಈ ಬೇಸಿಗೆಯಿಂದಲೇ. ಪಂಪಿಗೆ ಒಂದೂವರೆ ಎಕರೆಗಿಂತ ಹೆಚ್ಚು ಅಡಿಕೆ ಇದ್ದರೆ ಸರದಿ ಮೊದಲು, ಹನಿ ಬೆನ್ನಿಗೇ. ಈ ಕ್ರಮ ತಿರುಗಿಸಬೇಡಿ, ಹನಿ ಮೊದಲು ಬಂದರೆ ಉಳಿದ ನೀರಿಗೆ ಹೊಸ ಗಿಡಗಳು ಕಾಯುತ್ತಿರುತ್ತವೆ. ರೊಬಸ್ಟಾ ಹಳ್ಳಕ್ಕೆ ಹೊಂಡ. ಕಟ್ಟ ಈಗಾಗಲೇ ಇರುವಲ್ಲಿ ಪೈಪು. ಒಂದೇ ದೊಡ್ಡ ತೋಟ ಅರ್ಧ ಹಳ್ಳ ಎಳೆಯುತ್ತಿದ್ದರೆ ಹನ್ನೆರಡು ಜನರ ಸಭೆ ಬೇಡ, ಆ ಒಂದು ಮನೆಗೆ ಹೋಗಿ ಕೂತು ಮಾತಾಡಿ.

ಯಾವುದನ್ನೇ ಆರಿಸಿದರೂ ಪ್ರತಿ ಫುಟ್‌ವಾಲ್ವಿಗೆ (ನೀರಿನೊಳಗೆ ಇಳಿಸಿದ ಪಂಪಿನ ಪೈಪಿನ ತುದಿಯ ವಾಲ್ವ್) ಒಂದು ಡ್ರಮ್ಮು ಬೇಕು. ಮಡುವಿನಲ್ಲಿ ಫುಟ್‌ವಾಲ್ವ್ ಇರುವಲ್ಲಿ ಮರಳು ಗುಂಡಿಯಾಗಿರುತ್ತದೆ, ನೀರು ಇಳಿದಾಗ ಮರಿಮೀನು ಸೇರುವುದು ಅದೇ ಗುಂಡಿಗೆ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನ ಸುತ್ತ ಒತ್ತೊತ್ತಾಗಿ ತೂತು ಕೊರೆದು, 2 ಮಿಲಿಮೀಟರ್ ಕಣ್ಣಿನ ಜಾಲರಿ ಸುತ್ತಿ, ಫುಟ್‌ವಾಲ್ವನ್ನು ಅದರ ನಡುವೆ ಇಳಿಸಿ. ಜಾಲರಿಯ ಹತ್ತಿರ ನೀರು ಎಷ್ಟು ನಿಧಾನ ಚಲಿಸುತ್ತದೆಂದರೆ ಬೆರಳುದ್ದದ ಮರಿಯೂ ಈಜಿ ಪಾರಾಗುತ್ತದೆ. ಎಲೆ, ಪಾಚಿಯನ್ನು ವಾರಕ್ಕೊಮ್ಮೆ ಬ್ರಷ್ಷಿನಿಂದ ಉಜ್ಜಿದರೆ ಪಂಪಿಗೂ ಒಳ್ಳೆಯದು.

ಒಪ್ಪಂದ ಒಂದೇ ಹಾಳೆಯಲ್ಲಿರಲಿ: ಯಾವ ತುಂಡು, ಯಾವ ಪಂಪುಗಳು, ಮೂರು ಗೆರೆಗಳ ಅರ್ಥ, ಜೋಡಿಗಳ ಪಟ್ಟಿ, ಗೆರೆ ನೋಡುವವರ ಹೆಸರು, ತಪ್ಪಿದರೆ ಮುಂದಿನ ಸರದಿ ಬಿಡಬೇಕೆಂಬ ನಿಯಮ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ 2002ರ ಜೀವವೈವಿಧ್ಯ ಕಾಯ್ದೆಯಡಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಹಾಳೆಯನ್ನು ಅಲ್ಲಿ ದಾಖಲಿಸಿ. ಕಡು ಬರದ ವರ್ಷಗಳಲ್ಲಿ ಕುಡಿಯುವ ನೀರು ಉಳಿಸಲೆಂದು ತೋಟಗಳಿಗೆ ಹೊಳೆಯಿಂದ ಪಂಪು ಓಡಿಸುವುದನ್ನೇ ಜಿಲ್ಲಾಡಳಿತ ನಿಲ್ಲಿಸಿದ್ದುಂಟು. ಅಂಥ ಹೊತ್ತಿನಲ್ಲಿ ಅಳತೆಯ ಪುಸ್ತಕ ಕೈಯಲ್ಲಿರುವ ಊರಿಗೆ ಮಾತಾಡಲು ಆಧಾರವಿರುತ್ತದೆ.

ಮೇ ತಿಂಗಳಿನ ಕೆಲಸ ಒಂದು ಉಳಿಯಿತು. ಮೊದಲ ಮಳೆಗೆ ಹತ್ತುಮೀನು (ಹೊಸ ನೀರಿಗೆ ಎದುರಾಗಿ ಹಳ್ಳ ಹತ್ತುವ ಮೀನು) ಮೇಲೇರುವ ಮೊದಲೇ ಕಿಂಡಿ ಅಣೆಕಟ್ಟಿನ ಕಿಂಡಿಗಳಿಗೆ ನೀರು ನಿಲ್ಲಿಸಲು ಇಳಿಸಿದ ಹಲಗೆ ತೆಗೆದಿರಬೇಕು. ಆದರೆ ಒಂದೇ ದಿನ ಎಲ್ಲ ಹಲಗೆ ಕಿತ್ತರೆ ತಿಂಗಳುಗಟ್ಟಲೆ ತಳದಲ್ಲಿ ಕೊಳೆತ ಕಪ್ಪು ನೀರು ನುಗ್ಗಿ ಕೆಳಗಿನ ಮಡುವಿನ ಮೀನು ಉಸಿರುಗಟ್ಟಿ ತೇಲುತ್ತದೆ. ಬೇಸಿಗೆಯಿಡೀ ಕಾಪಾಡಿದ್ದು ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. ಮೇ ಮೂರನೇ ವಾರದಿಂದ ಶುರು ಮಾಡಿ, ಮೇಲಿನ ಹಲಗೆಯಿಂದ, ದಿನಕ್ಕೆ ಒಂದು. ಹಲಗೆಗಳ ನಡುವೆ ತುಂಬಿದ ಮಣ್ಣನ್ನು ಹಳ್ಳಕ್ಕೆ ತಳ್ಳದೆ ಬುಟ್ಟಿಯಲ್ಲಿ ದಡಕ್ಕೆ ಹಾಕಿ. ಕೊನೆಯ ಹಲಗೆಯ ಕೆಳಗೆ ಮೀನು ಏರಲಾಗದಷ್ಟು ಎತ್ತರದ ಮೆಟ್ಟಿಲು ಉಳಿದಿದ್ದರೆ ದೊಡ್ಡ ಕಲ್ಲುಗಳನ್ನು ಇಳಿಜಾರಾಗಿ ಜೋಡಿಸಿ. ಜೂನ್‌ನಲ್ಲಿ ಮಳೆ ಹಿಡಿದ ರಾತ್ರಿ ಟಾರ್ಚು ಹಿಡಿದು ಹೋಗಿ, ಮೀನು ಆ ಕಲ್ಲುಗಳನ್ನು ದಾಟಿ ಏರುತ್ತಿದೆಯೇ ಎಂದು ನೋಡಿ. ಏರದಿದ್ದರೆ ಮುಂದಿನ ಡಿಸೆಂಬರಿನಲ್ಲಿ ಹಲಗೆ ಹಾಕುವ ಮೊದಲು ಆ ಕಲ್ಲುಗಳನ್ನು ಮತ್ತೆ ಜೋಡಿಸಬೇಕು.